ಹಿಮ ಬೀಳುವ ಮುಂಚೆ ಪೂಲ್ ಪೈಪಿನ ನೀರು ಖಾಲಿ ಮಾಡಿದ ಕೆಲಸ

ಹೋದ ವರ್ಷದ ಜನವರಿ 9ರ ಬೆಳಿಗ್ಗೆ ಎಂಟೂವರೆಗೆ ಪೂಲ್ ಪಂಪಿನ ಸ್ವಿಚ್ ಹಾಕಿದೆ. ಪಂಪ್ ತಿರುಗಿತು, ಆದರೆ ನೀರು ಪೂಲಿಗೆ ಹೋಗಲಿಲ್ಲ. ಪಂಪಿನ ಹೊಟ್ಟೆಯಿಂದಲೇ ಬೀಸಣಿಗೆ ಥರ ಚಿಮ್ಮಿತು. ಹೊರಗಿನ ಕವಚದ (ಕೇಸಿಂಗ್) ಕೆಳಗಡೆ ನಾಲ್ಕು ಇಂಚು ಉದ್ದದ ಬಿರುಕು. ಗೋಡೆಗುಂಟ ಹೋಗುವ ಪೈಪ್ ಎರಡು ಕಡೆ ಸೀಳಿತ್ತು. ಫಿಲ್ಟರಿನ ಪ್ರೆಶರ್ ಗೇಜ್ ಕೂಡ ಹೋಗಿತ್ತು. ರಾತ್ರಿಯ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಎಲ್ಲ ಒಡೆದಿತ್ತು.

ಆ ಸಲದ ಖರ್ಚು: ಕೇಸಿಂಗ್ ಮತ್ತು ಸೀಲ್ 5,200, ಗೇಜ್ 450, ಪೈಪ್ ಮತ್ತು ಫಿಟಿಂಗ್ 1,200, ಪ್ಲಂಬರ್ ಎರಡು ದಿನಕ್ಕೆ 1,500. ಒಟ್ಟು 8,350 ರೂಪಾಯಿ. ಪೂಲ್ ಒಂದು ತಿಂಗಳು ನಿಂತಿತು.

ನಾವಿರೋದು ಊಟಿ ಹತ್ತಿರ, ತಲೈಕುಂದಾ ಕಡೆ. ನಮ್ಮ ಅಪ್ಪ ಗುಂಡ್ಲುಪೇಟೆಯಿಂದ ಬಂದು ಇಲ್ಲೇ ನೆಲೆಸಿದವರು. ಬೆಂಗಳೂರಿನ ಮಾಲೀಕರೊಬ್ಬರ ಹೋಂಸ್ಟೇ ನಾನು ನೋಡಿಕೊಳ್ಳುತ್ತೇನೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುತ್ತದೆ. ತಮಿಳಿನಲ್ಲಿ ಉರೈಪನಿ ಅಂತಾರೆ. ನಮ್ಮ ಕಡೆಯ ತಗ್ಗಿನಲ್ಲಿ ಅದು ಊಟಿ ಪೇಟೆಗಿಂತ ಜಾಸ್ತಿ. ಅಕ್ಕಪಕ್ಕದವರು ಎಳೆ ಟೀ ಗಿಡಕ್ಕೆ ಜರಿಸೊಪ್ಪು ಹೊದಿಸುತ್ತಾರೆ. ಗಿಡಕ್ಕೆ ಮಾಡುವುದನ್ನು ಪೈಪಿಗೂ ಮಾಡಬೇಕು ಅಂತ ನನಗೆ ಹೊಳೆದದ್ದು ಪಂಪ್ ಒಡೆದ ಮೇಲೆ.

ಆಗ ಅವಸರದಲ್ಲಿ ಪೈಪಿಗೆ ಗೋಣಿಚೀಲ ಸುತ್ತಿದ್ದೆ. ಅದು ತಪ್ಪು. ರಾತ್ರಿ ಇಬ್ಬನಿ ಕುಡಿದ ಗೋಣಿ ಬೆಳಿಗ್ಗೆ ಹಲಗೆಯಂತೆ ಗಟ್ಟಿಯಾಗಿತ್ತು. ಕೈಯಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಒಳಗಿನ ಪೈಪ್ ಬರಿ ಪೈಪಿಗಿಂತ ತಣ್ಣಗಿತ್ತು. ಶೆಡ್ಡಿನಲ್ಲಿ 100 ವ್ಯಾಟ್ ಬಲ್ಬ್ ಹಾಕಿಟ್ಟೆ. ಎರಡನೇ ರಾತ್ರಿಯೇ ಕರೆಂಟ್ ಹೋಯಿತು. ಈ ವರ್ಷ ಎರಡನ್ನೂ ಬಿಟ್ಟು, ಪೈಪಿನಲ್ಲಿ ನೀರೇ ಇರದ ಹಾಗೆ ಮಾಡುವ ಕೆಲಸಕ್ಕೆ ಕೈ ಹಾಕಿದೆ.

ನವೆಂಬರ್ 24: ಅಳತೆ

ಪೂಲ್ 20 ಅಡಿ ಉದ್ದ, 10 ಅಡಿ ಅಗಲ. ಆಳ ಒಂದು ಕಡೆ ಮೂರೂವರೆ, ಇನ್ನೊಂದು ಕಡೆ ಐದೂವರೆ ಅಡಿ. ಸುಮಾರು 25,000 ಲೀಟರ್ ನೀರು. ಜಾಗ ಇಳಿಜಾರು, ಹಾಗಾಗಿ ಪಂಪ್ ಶೆಡ್ ಪೂಲಿನ ನೀರಿನ ಮಟ್ಟಕ್ಕಿಂತ ಮೂರು ಅಡಿ ಕೆಳಗಿದೆ. ತೊಂದರೆಯ ಬೇರು ಅಲ್ಲೇ ಇದೆ. ಪಂಪ್ ನಿಲ್ಲಿಸಿದರೂ ಪೂಲಿನ ನೀರು ತಾನಾಗಿ ಇಳಿದು ಪೈಪಿನಲ್ಲಿ ತುಂಬಿ ನಿಲ್ಲುತ್ತದೆ.

ಶೆಡ್ಡಿಗೆ ಬರುವುದು ಮೂರು ಲೈನ್, ಎಲ್ಲ 50 ಎಂಎಂ ಪಿವಿಸಿ. ಮೇಲಿನ ಕಸ ಎಳೆಯುವ ಸ್ಕಿಮ್ಮರಿನದು ಒಂದು. ತಳದ ಮೇನ್ ಡ್ರೈನಿನದು ಇನ್ನೊಂದು. ನೀರು ವಾಪಸ್ ಬಿಡುವ ರಿಟರ್ನ್ ಮೂರನೆಯದು, ಅದು ಪೂಲಿನ ಹತ್ತಿರ ಎರಡಾಗಿ ಒಡೆದು ಎರಡು ಬಾಯಿಗೆ ಹೋಗುತ್ತದೆ. ಮಣ್ಣೊಳಗಿನ ಭಾಗಕ್ಕೆ ನಮ್ಮಲ್ಲಿ ಏನೂ ಆಗುವುದಿಲ್ಲ, ಹಿಮ ನೆಲದ ಮೇಲ್ಮೈಯಲ್ಲೇ ನಿಲ್ಲುತ್ತದೆ. ಅಪಾಯ ಇರೋದು ಕಲ್ಲಿನ ಗೋಡೆಗುಂಟ ಬಯಲಲ್ಲಿ ಹೋಗುವ 11 ಅಡಿಗೆ, ಶೆಡ್ಡಿನ ಒಳಗಿನ ಫಿಟಿಂಗಿಗೆ, ಮತ್ತೆ ಬಿಸಿಲಲ್ಲಿ ನೀರು ಕಾಯಿಸಲು ಚಾವಣಿ ಮೇಲೆ ಹೋಗುವ ಒಂದಿಂಚಿನ ಪೈಪಿಗೆ.

ಒಂದು ಗಮನಿಸಿದೆ. ಚಾವಣಿ ಮೇಲೆ ಸುತ್ತಿಟ್ಟ ಕಪ್ಪು ಡ್ರಿಪ್ ಪೈಪ್ ಹೋದ ವರ್ಷವೂ ಒಡೆದಿರಲಿಲ್ಲ. ಅದು ಮೆದು, ಹಿಗ್ಗುತ್ತದೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಗಟ್ಟಿ ಪಿವಿಸಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ.

ಎರಡು ಥರ್ಮಾಮೀಟರ್ ಇಟ್ಟೆ. ಒಂದು ಜಗಲಿಯಲ್ಲಿ ಎದೆಮಟ್ಟಕ್ಕೆ, ಇನ್ನೊಂದು ಹುಲ್ಲಿನ ಮೇಲೆ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಜಗಲಿಯಲ್ಲಿ 8 ಡಿಗ್ರಿ, ಹುಲ್ಲಿನಲ್ಲಿ 4. ಜಗಲಿಯದನ್ನೇ ನಂಬಿ ಕೂತಿದ್ದರೆ ಮೋಸ ಹೋಗುತ್ತಿದ್ದೆ. ಪಕ್ಕದ ಮನೆಯ ಬಡಗ ಸಮುದಾಯದ ಅಜ್ಜ ಹೇಳುತ್ತಿದ್ದ ಮಾತೂ ಅದೇ: ಮಳೆ ನಿಂತು, ಆಕಾಶ ತೊಳೆದ ಹಾಗಾಗಿ, ಗಾಳಿಯೂ ನಿಂತ ರಾತ್ರಿ ಹುಷಾರಾಗಿರಪ್ಪ. ಹಿಂಗಾರು ಮಳೆ ಮುಗಿದು ಮೊದಲ ಹಿಮ ಬೀಳುವ ನಡುವಿನ ಎರಡು ಮೂರು ವಾರದಲ್ಲೇ ಈ ಕೆಲಸ ಆಗಬೇಕು.

ನವೆಂಬರ್ 28: ಪೈಪಿನ ಹೊಟ್ಟೆ

ಗೋಡೆಯ 11 ಅಡಿ ಪೈಪಿಗೆ ಈ ಕಡೆಯಿಂದ ಆ ಕಡೆಗೆ ದಾರ ಕಟ್ಟಿ, ರಸಮಟ್ಟ ಹಿಡಿದು ನೋಡಿದೆ. ಐದು ಕ್ಲಾಂಪಿನಲ್ಲಿ ಎರಡು ತುಕ್ಕು ಹಿಡಿದು ಬಿಟ್ಟುಕೊಂಡಿದ್ದವು. ರಿಟರ್ನ್ ಪೈಪ್ ನಡುವೆ ಒಂದೂಕಾಲು ಇಂಚು ಜೋತಿತ್ತು. ಹೋದ ವರ್ಷ ಸೀಳಿದ ಜಾಗ ಸರಿಯಾಗಿ ಅದೇ. ಅವತ್ತು ಸೀಳಿದ್ದನ್ನು ಕತ್ತರಿಸಿ ಹೊಸ ತುಂಡು ಹಾಕಿದರು, ನಾನೂ ದುಡ್ಡು ಕೊಟ್ಟು ಸುಮ್ಮನಾದೆ. ಯಾಕೆ ಅಲ್ಲೇ ಸೀಳಿತು ಅಂತ ಕೇಳಲೇ ಇಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಈ ಹೊಟ್ಟೆ. ಎಷ್ಟೇ ಗಾಳಿ ಊದಿದರೂ ಜೋತ ಜಾಗದಲ್ಲಿ ನೀರು ಉಳಿಯುತ್ತದೆ. ಗಾಳಿ ಮೇಲಿಂದ ಹಾದು ಹೋಗುತ್ತದೆ, ನೀರು ಕೆಳಗೆ ಮಲಗಿರುತ್ತದೆ.

ಶೆಡ್ಡಿನ ವಾಲ್ವ್ ಮುಚ್ಚಿ, ಎರಡು ರಿಟರ್ನ್ ಬಾಯಿಗೂ ಬಟ್ಟೆ ಸುತ್ತಿದ ಮರದ ಗೂಟ ಬಿಗಿದೆ. ಹೊಟ್ಟೆಯ ಅತಿ ಕೆಳಗಿನ ಜಾಗದಲ್ಲಿ ಹ್ಯಾಕ್ಸಾದಿಂದ ಕತ್ತರಿಸಿ, ಹರಿದ ನೀರೆಲ್ಲ ಹೋಗಲು ಬಿಟ್ಟು, ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಕೂರಿಸಿದೆ. ಟೀಯ ಕೆಳಗಿನ ಬಾಯಿಗೆ ಅರ್ಧ ಇಂಚಿನ ನಲ್ಲಿ. ಹೊಸ ಕ್ಲಾಂಪ್ ಐದು ಹಾಕಿ, ಟೀ ಇರುವ ಕಡೆಗೆ ಎರಡೂ ಬದಿಯಿಂದ ಇಳಿಜಾರು ಬರುವ ಹಾಗೆ ಬಿಗಿದೆ. ಪೂರ್ತಿ ನೇರ ಮಾಡಲು ಹೋಗಲಿಲ್ಲ. ನೀರು ನಿಲ್ಲುವ ಜಾಗ ಒಂದೇ ಇರಲಿ, ಅಲ್ಲೊಂದು ನಲ್ಲಿ ಇರಲಿ, ಸಾಕು. ಉಳಿದೆರಡು ಲೈನ್ ಶೆಡ್ ಕಡೆಗೆ ಸರಿಯಾಗಿಯೇ ಇಳಿದಿದ್ದವು.

ನವೆಂಬರ್ 30: ಕಂಪ್ರೆಸರ್, ದೊಡ್ಡ ತಪ್ಪು

ಮೊದಲು ಕಾರಿನ ಟೈರಿಗೆ ಗಾಳಿ ಹಾಕುವ ಸಣ್ಣ ಮಿಷನ್ನಿನಿಂದ ಪ್ರಯತ್ನ ಮಾಡಿದೆ. 15 ನಿಮಿಷ ಗುರ್ ಅಂತು. ಒಂದೇ ಒಂದು ಗುಳ್ಳೆ ಬರಲಿಲ್ಲ. ಅದರಲ್ಲಿ ಒತ್ತಡ ಇದೆ, ಗಾಳಿಯ ಪ್ರಮಾಣ ಇಲ್ಲ.

ಮಧ್ಯಾಹ್ನ ಪಂಕ್ಚರ್ ಅಂಗಡಿಯಿಂದ 2 ಎಚ್‌ಪಿ ಕಂಪ್ರೆಸರ್ ಬಾಡಿಗೆಗೆ ತಂದೆ, ದಿನಕ್ಕೆ 500. ಟ್ಯಾಂಕಿನಲ್ಲಿ ಒತ್ತಡ 100 ಪಿಎಸ್‌ಐ ತುಂಬಿಸಿ, ರಿಟರ್ನ್ ಲೈನಿಗೆ ಸೇರಿಸಿ, ಕಾಕ್ ಒಂದೇ ಸಲಕ್ಕೆ ತಿರುಗಿಸಿದೆ. ಪೈಪಿನೊಳಗಿನ ನೀರು ಗುಂಡಿನ ಹಾಗೆ ನುಗ್ಗಿತು. ಶೆಡ್ಡಿನ ಮೂಲೆಯಲ್ಲಿ ಪೈಪ್ ತಿರುಗುವ ಎಲ್ಬೋ ಕಿತ್ತು ಹಾರಿ ಎದುರಿನ ತಗಡಿಗೆ ಬಡಿಯಿತು. ತಗಡಿನಲ್ಲಿ ಮುಷ್ಟಿ ಗಾತ್ರದ ತಗ್ಗು ಬಿದ್ದಿದೆ. ಅದಕ್ಕೂ ಒಂದು ನಿಮಿಷ ಮುಂಚೆ ನನ್ನ ಹೆಂಡತಿ ಅಲ್ಲೇ ನಿಂತು ವಾಲ್ವ್ ಹಿಡಿದಿದ್ದಳು.

ಇದನ್ನು ಓದುವವರು ದಯವಿಟ್ಟು ಮನಸ್ಸಿನಲ್ಲಿಡಿ. ನೀರಿಗೆ ಇಷ್ಟು ಒತ್ತಡ ತಡೆಯುತ್ತದೆ ಅಂತ ಪೈಪಿನ ಮೇಲೆ ಬರೆದಿರುವುದು ಗಾಳಿಗೆ ಅಲ್ಲ. ಒತ್ತಿದ ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಪೈಪ್ ಬಿಟ್ಟುಕೊಂಡರೆ ಚೂರು ಹಾರಿಸುತ್ತದೆ. ಕಂಪ್ರೆಸರ್ ಬಳಸಲೇಬೇಕು ಅಂದರೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಬೇಕೇ ಬೇಕು, 20 ಪಿಎಸ್‌ಐ ದಾಟಬಾರದು. ನಾನು ತಂದದ್ದಕ್ಕೆ ರೆಗ್ಯುಲೇಟರ್ ಇರಲಿಲ್ಲ, ನಾನು ಕೇಳಲೂ ಇಲ್ಲ. ಸಂಜೆಯೇ ವಾಪಸ್ ಕೊಟ್ಟು ಬಂದೆ.

ಡಿಸೆಂಬರ್ 1 ಮತ್ತು 2: ಎಲ್ಬೋ

ಹಳೆ ತುದಿ ಕತ್ತರಿಸಿ, ಹೊಸ ತುಂಡು ಪೈಪ್, ಕಪ್ಲರ್, ಎಲ್ಬೋ. ಕಿತ್ತು ಬಂದ ಎಲ್ಬೋದ ಒಳಗೆ ನೋಡಿದರೆ ಪೈಪ್ ಅಂಟಿಸುವ ಸಲ್ಯೂಷನ್ ಅರ್ಧ ಸುತ್ತು ಮಾತ್ರ ಹಿಡಿದಿತ್ತು. ಅಂಟಿಸಿ ಮೂರು ಗಂಟೆ ಬಿಟ್ಟು ನೀರು ಬಿಟ್ಟೆ, ಜಿನುಗಿತು. ಕೆಳಗಿನ ಊರಲ್ಲಿ ಎರಡು ಗಂಟೆ ಸಾಕಾಗಬಹುದು. ಇಲ್ಲಿ 12 ಡಿಗ್ರಿಯ ಚಳಿಯಲ್ಲಿ ಸಲ್ಯೂಷನ್ ಒಣಗುವುದು ಬಹಳ ನಿಧಾನ. ಮತ್ತೆ ಕತ್ತರಿಸಿ, ಮರಳು ಕಾಗದ ಹಾಕಿ ಉಜ್ಜಿ, ಒರೆಸಿ, ಎರಡೂ ಕಡೆ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ ಹಿಡಿದೆ. ಪೂರ್ತಿ ಒಂದು ದಿನ ಮುಟ್ಟಲಿಲ್ಲ. ಜಿನುಗಲಿಲ್ಲ.

ಡಿಸೆಂಬರ್ 4: ಬಿರಡೆ

ಪೂಲಿನ ಒಳಗಿನ ಬಾಯಿಗಳನ್ನು ಮುಚ್ಚಲು ಹೊರದೇಶದಲ್ಲಿ ರೆಡಿಮೇಡ್ ರಬ್ಬರ್ ಪ್ಲಗ್ ಸಿಗುತ್ತದೆ. ಊಟಿಯಲ್ಲಿ ಕೇಳಿದೆ, ಇಲ್ಲ. ಕಾಲೇಜು ಲ್ಯಾಬಿನಲ್ಲಿ ಫ್ಲಾಸ್ಕಿಗೆ ಹಾಕುವ ರಬ್ಬರ್ ಬಿರಡೆ ನೆನಪಾಯಿತು. ಮೈಸೂರಿನಲ್ಲಿರುವ ಭಾವನಿಗೆ ಫೋನ್ ಮಾಡಿ ಅಳತೆ ಹೇಳಿದೆ: ಕೆಳಗೆ 35, ಮೇಲೆ 41 ಎಂಎಂ. ನಮ್ಮ ರಿಟರ್ನಿನ ಬಾಯಿ, ನೀರಿನ ದಿಕ್ಕು ತಿರುಗಿಸುವ ಕಣ್ಣು ಬಿಚ್ಚಿದ ಮೇಲೆ, 38 ಎಂಎಂ, ಸ್ಕಿಮ್ಮರಿನ ತಳದ ತೂತೂ ಅಷ್ಟೇ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಮುಚ್ಚುವ ಮುಂಚೆ ದಾಟುವ ಬಸ್ಸಿನಲ್ಲಿ ಭಾವ ತಾನೇ ತಂದು ಕೊಟ್ಟರು. ಒಂದಕ್ಕೆ 60 ರೂಪಾಯಿ. ನಾಲ್ಕು ತರಿಸಿದೆ, ಮೂರು ಕೆಲಸಕ್ಕೆ, ಒಂದು ಹೆಚ್ಚುವರಿ.

ಬಿರಡೆಯ ನಡುವೆ 8 ಎಂಎಂ ತೂತು ಕೊರೆದು, ಸ್ಟೀಲ್ ಬೋಲ್ಟ್ ತೂರಿಸಿ, ಎರಡೂ ಕಡೆ ಅಗಲ ವಾಷರ್, ಮೇಲೆ ವಿಂಗ್ ನಟ್. ನಟ್ ಬಿಗಿಸಿದರೆ ವಾಷರ್ ಎರಡೂ ಒತ್ತಿ ರಬ್ಬರ್ ನಡುವೆ ಉಬ್ಬುತ್ತದೆ, ಬಾಯಿಯನ್ನು ಕಚ್ಚಿ ಹಿಡಿಯುತ್ತದೆ. ಮೊದಲನೆಯದನ್ನು ಕೊರೆಯುವಾಗ ಡ್ರಿಲ್ ಬಿಟ್ ರಬ್ಬರಿಗೆ ಸಿಕ್ಕಿ ತೂತು ಅಂಕುಡೊಂಕಾಯಿತು, ಹೆಚ್ಚುವರಿ ಅದಕ್ಕೇ ಹೋಯಿತು. ಆಮೇಲೆ ಬಿಟ್ಟಿಗೆ ಸೋಪಿನ ನೀರು ಹಚ್ಚಿ, ನಿಧಾನ ವೇಗದಲ್ಲಿ, ಬಿರಡೆಯನ್ನು ವೈಸಿನಲ್ಲಿ ಸಡಿಲವಾಗಿ ಹಿಡಿದು ಕೊರೆದೆ. ಉಳಿದ ಮೂರೂ ನೇರ ಬಂದವು.

ಡಿಸೆಂಬರ್ 5: ವ್ಯಾಕ್ಯೂಮ್ ಕ್ಲೀನರ್, ಅರ್ಧ ಕೆಲಸ

ಮನೆಯಲ್ಲಿ ನೀರು, ಧೂಳು ಎರಡನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇದೆ. ಅದರ ಹಿಂದಿನ ತೂತಿಗೆ ಪೈಪ್ ಹಾಕಿದರೆ ಗಾಳಿ ಊದುತ್ತದೆ. ಒತ್ತಡ ಕಡಿಮೆ, ಪ್ರಮಾಣ ಜಾಸ್ತಿ. ನಮಗೆ ಬೇಕಾದದ್ದೇ ಅದು. ಅದರ ಮೂತಿಗೂ 50 ಎಂಎಂ ಪೈಪಿಗೂ ಸ್ಕೂಟರಿನ ಹಳೆ ಟ್ಯೂಬ್ ತುಂಡು ಸುತ್ತಿ, ಎರಡು ಹೋಸ್ ಕ್ಲಿಪ್ ಬಿಗಿದೆ.

ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿರುವ ಜಾಗದಲ್ಲಿ ಇದರ ಕ್ರಮ ತಪ್ಪಿದರೆ ನೀರು ಮಿಷನ್ನಿಗೇ ನುಗ್ಗುತ್ತದೆ. ಮೊದಲು ಲೈನಿನ ಬಾಲ್ ವಾಲ್ವ್ ಮುಚ್ಚಿ, ಪಂಪಿನ ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಬಿಚ್ಚಿ, ಕ್ಲೀನರ್ ಸೇರಿಸಬೇಕು. ಆಮೇಲೆ ಕ್ಲೀನರ್ ಆನ್ ಮಾಡಿ, ಗಾಳಿ ಒತ್ತಿದ ಮೇಲಷ್ಟೇ ವಾಲ್ವ್ ನಿಧಾನ ತೆರೆಯಬೇಕು. ನಿಲ್ಲಿಸುವಾಗ ಉಲ್ಟಾ: ಮೊದಲು ವಾಲ್ವ್ ಮುಚ್ಚಿ, ಆಮೇಲೆ ಸ್ವಿಚ್. ಮಿಷನ್ ಸ್ಟೂಲಿನ ಮೇಲಿರಲಿ, ಅದರ ಕರೆಂಟ್ ಲೈನಿಗೆ ಕರೆಂಟ್ ಸೋರಿದರೆ ಕಡಿದುಬಿಡುವ ಆರ್‌ಸಿಸಿಬಿ ಇರಲಿ.

ರಿಟರ್ನ್ ಚೆನ್ನಾಗಿ ಬಂತು. ನಾನು ಶೆಡ್ಡಿನಲ್ಲಿ, ಹೆಂಡತಿ ಪೂಲಿನ ಅಂಚಿನಲ್ಲಿ. "ಗುಳ್ಳೆ ಬಂತು ರೀ!" ಅಂತ ಕೂಗಿದಳು. ಹತ್ತಿರದ ಬಾಯಿಯಲ್ಲಿ ಮಾತ್ರ ಗುಳ್ಳೆ, ದೂರದ್ದು ಸುಮ್ಮನಿತ್ತು. ಗಾಳಿ ಸುಲಭದ ದಾರಿ ಹಿಡಿಯುತ್ತದೆ ಅಲ್ವಾ? ಗುಳ್ಳೆ ಬರುತ್ತಿರುವಾಗಲೇ ಹತ್ತಿರದ್ದಕ್ಕೆ ಬಿರಡೆ ಒತ್ತಿ ನಟ್ ಬಿಗಿಸಿದಳು. ಅರ್ಧ ನಿಮಿಷಕ್ಕೆ ದೂರದ್ದರಲ್ಲಿ ಮೊದಲು ಕೆಸರು ನೀರು, ಆಮೇಲೆ ಗುಳ್ಳೆ. ಅದನ್ನೂ ಮುಚ್ಚಿದಳು.

ಮೇನ್ ಡ್ರೈನ್ ಬಗ್ಗಲಿಲ್ಲ. ಕ್ಲೀನರ್ ಕಿರುಚಿತು, ಬಿಸಿಯಾಯಿತು, ತಳದಲ್ಲಿ ಒಂದು ಗುಳ್ಳೆಯೂ ಇಲ್ಲ. ಗಾಬರಿಯಲ್ಲಿ ನಾನೇ ಹೇಳಿದ ಕ್ರಮ ಮರೆತು ಸ್ವಿಚ್ ಮೊದಲು ಆರಿಸಿದೆ. ನೀರು ಹೋಸಿಗೆ ನುಗ್ಗಿತು. ಕೈಯಲ್ಲಿ ಟ್ಯೂಬ್ ಕಿತ್ತೆಳೆದೆ, ಮಿಷನ್ ಉಳಿಯಿತು, ಶೆಡ್ಡಿನಲ್ಲಿ ಗೇಣುದ್ದ ನೀರು.

ಸಂಜೆ ಕೂತು ಲೆಕ್ಕ ಹಾಕಿದೆ. ಮಿಷನ್ನಿನ ಪೆಟ್ಟಿಗೆ ಮೇಲೆ 17 ಕಿಲೋಪಾಸ್ಕಲ್ ಅಂತ ಇದೆ. ಅಂದರೆ ಹೆಚ್ಚೆಂದರೆ ಒಂದೂಮುಕ್ಕಾಲು ಮೀಟರ್ ನೀರನ್ನು ದೂಡಬಹುದು. ನಮ್ಮ ತಳ ಐದೂವರೆ ಅಡಿ, ಅಂದರೆ 1.68 ಮೀಟರ್. ಟ್ಯೂಬ್ ಸಂದಿಯಲ್ಲಿ ಸ್ವಲ್ಪ ಗಾಳಿ ಸೋರಿದರೂ ಆಯಿತು, ಮುಟ್ಟುವುದಿಲ್ಲ. ನೀರಿನ ಮಟ್ಟ ಮೊದಲೇ ಇಳಿಸಬೇಕಿತ್ತು.

ಡಿಸೆಂಬರ್ 6: ನೀರು ಇಳಿಸಿ ಮತ್ತೆ

ಬಿಚ್ಚಿದ ಪಂಪನ್ನು ಮತ್ತೆ ಜೋಡಿಸಬೇಕಾಯಿತು, ಅರ್ಧ ದಿನ ಹೋಯಿತು. ಹಾಗಾಗಿ ನೀವು ಮಾಡುವಾಗ ಮೊದಲು ನೀರು ಇಳಿಸಿ, ಆಮೇಲೆ ಪಂಪ್ ಬಿಚ್ಚಿ. ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವನ್ನು ವೇಸ್ಟ್‌ಗೆ ತಿರುಗಿಸಿ, ಮೇನ್ ಡ್ರೈನ್ ಮೂಲಕ ಎಳೆದು 14 ಇಂಚು ಇಳಿಸಿದೆ. ಸುಮಾರು 6,600 ಲೀಟರ್. ಒಂದು ವಾರದಿಂದ ಕ್ಲೋರಿನ್ ಹಾಕಿರಲಿಲ್ಲ, ಟೆಸ್ಟ್ ಪಟ್ಟಿಯಲ್ಲಿ ಬಣ್ಣ ಬರಲಿಲ್ಲ. ಆದರೂ ಪಕ್ಕದ ಕ್ಯಾರೆಟ್ ಹೊಲದ ಕಡೆ ಬಿಡಲಿಲ್ಲ, ನಮ್ಮದೇ ಹುಲ್ಲಿನ ದಿಬ್ಬಕ್ಕೆ ಬಿಟ್ಟೆ.

ಪೂರ್ತಿ ಖಾಲಿ ಮಾಡಿಬಿಡಿ, ತಲೆನೋವೇ ಇರಲ್ಲ ಅಂತ ಒಬ್ಬರು ಹೇಳಿದ್ದರು. ನಾನು ಒಪ್ಪಲಿಲ್ಲ. ಮಳೆಗಾಲ ಈಗಷ್ಟೇ ಮುಗಿದಿದೆ, ದಿಬ್ಬದ ಮಣ್ಣು ನೀರು ಕುಡಿದು ಕೂತಿದೆ. ಒಳಗೆ ಭಾರ ಇಲ್ಲದಿದ್ದರೆ ಕೆಳಗಿನ ನೀರು ಪೂಲಿನ ತಳವನ್ನೇ ಮೇಲೆತ್ತಿ ಬಿರುಕು ಬಿಡಿಸುತ್ತದೆ. ಒಳಗಿನ ನೀರೇ ಪೂಲಿಗೆ ಭಾರ.

ಮಟ್ಟ ಇಳಿದದ್ದರಿಂದ ಸ್ಕಿಮ್ಮರ್ ಬಾಯಿ ಒಣಗಿತು. ಅದರ ಲೈನಿನ ನೀರು ಶೆಡ್ಡಿನಲ್ಲಿ ಯೂನಿಯನ್ ಬಿಚ್ಚಿದ ಕೂಡಲೇ ತಾನಾಗಿ ಹರಿದು ಹೋಯಿತು. ಮೇಲಿಂದ ಬಿರಡೆ ಹಾಕಿದೆ. ಸ್ಕಿಮ್ಮರ್ ಡಬ್ಬದಲ್ಲಿ ಮಳೆ ನೀರು ನಿಂತು ಹೆಪ್ಪುಗಟ್ಟಿದರೆ ಅದು ಒಡೆಯಬಾರದು ಅಂತ ಒಳಗೊಂದು ಬಾಟಲಿ ಇಡುವ ಕ್ರಮ ಇದೆ. ಕಾಲು ಭಾಗ ಮರಳು ತುಂಬಿದ ಬಾಟಲಿ. ನೀರು ಹಿಗ್ಗಿದರೆ ಬಾಟಲಿ ಅಪ್ಪಚ್ಚಿಯಾಗುತ್ತದೆ, ಡಬ್ಬ ಉಳಿಯುತ್ತದೆ. ನೀಲಗಿರಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ನಿಷೇಧ. ಇನ್ವರ್ಟರ್ ಬ್ಯಾಟರಿಗೆ ತಂದ ಡಿಸ್ಟಿಲ್ಡ್ ವಾಟರಿನ ಖಾಲಿ ಬಾಟಲಿ ಶೆಡ್ಡಿನಲ್ಲೇ ಇತ್ತು, ಅದನ್ನೇ ಇಟ್ಟೆ.

ಮಧ್ಯಾಹ್ನ ಮೂರಕ್ಕೆ ರಿಟರ್ನ್ ಮತ್ತೊಮ್ಮೆ ಊದಿ ಮುಚ್ಚಿದೆವು, ಆಮೇಲೆ ಮೇನ್ ಡ್ರೈನ್. ಈಗ ತಳದ ಆಳ 1.32 ಮೀಟರ್. ನಲವತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ತಳದ ಜಾಲರಿಯಿಂದ ಒಂದು ದೊಡ್ಡ ಗುಳ್ಳೆ ತಟ್ಟೆಯಷ್ಟು ಅಗಲ ಎದ್ದು ಬಂತು, ಹಿಂದೆಯೇ ಇನ್ನೊಂದು. ನೀರು ಕುದಿಯುವ ಹಾಗಾಯಿತು. ಒಂದು ನಿಮಿಷ ಬಿಟ್ಟು, ವಾಲ್ವನ್ನು ನಾಲ್ಕು ಸಲ ಹಿಂದೆ ಮುಂದೆ ಆಡಿಸಿ, ಗಾಳಿ ಒಳಗಿರುವಾಗಲೇ ಮುಚ್ಚಿದೆ. ತಳದವರೆಗೆ ಮುಳುಗಿ ಬಿರಡೆ ಹಾಕುವ ಅಗತ್ಯ ಇಲ್ಲ. ಒಳಗೆ ಸಿಕ್ಕಿದ ಗಾಳಿ ಹೊರ ಹೋಗದಿದ್ದರೆ ನೀರು ಮೇಲೆ ಏರುವುದಿಲ್ಲ.

ಡಿಸೆಂಬರ್ 7: ಶೆಡ್ಡಿನ ಒಳಗೆ

ಇದು ಬೇಗ ಆಯಿತು. ಪಂಪಿನ ಎರಡು ಡ್ರೈನ್ ಪ್ಲಗ್, ಫಿಲ್ಟರಿನ ತಳದ ಪ್ಲಗ್, ಗೇಜ್ ಎಲ್ಲ ಬಿಚ್ಚಿದೆ. ಮಲ್ಟಿಪೋರ್ಟ್ ಹಿಡಿಯನ್ನು ಎರಡು ಗುರುತಿನ ನಡುವೆ ನಿಲ್ಲಿಸಿದೆ, ಒಳಗೆ ಎಲ್ಲೂ ನೀರು ಬಂದಿಯಾಗದಿರಲಿ ಅಂತ. ಬಿಚ್ಚಿದ ಪ್ಲಗ್ಗುಗಳನ್ನು ಪಂಪಿನ ಜಾಲರಿ ಬುಟ್ಟಿಯಲ್ಲೇ ಹಾಕಿದೆ, ಫೆಬ್ರವರಿಯಲ್ಲಿ ಹುಡುಕುವುದು ಬೇಡ. ಪ್ಲಗ್ಗಿನ ರಬ್ಬರ್ ಬಳೆಗೆ (ಓ ರಿಂಗ್) ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿದೆ. ವ್ಯಾಸಲೀನ್ ಹಚ್ಚಿದರೆ ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತವೆ.

ಒಬ್ಬ ಮೆಕ್ಯಾನಿಕ್ ಅಣ್ಣ, ಕಾರಿನ ಕೂಲೆಂಟ್ ಸುರಿದುಬಿಡಿ, ಗಟ್ಟಿಯಾಗಲ್ಲ ಅಂದರು. ಕಾರಿನದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ನಾಳೆ ಅದೇ ಪೈಪಿನ ನೀರಿನಲ್ಲಿ ಮಕ್ಕಳು ಈಜುತ್ತಾರೆ, ನಮ್ಮ ನಾಯಿ ಅಲ್ಲೇ ನೀರು ಕುಡಿಯುತ್ತದೆ. ಪೂಲಿಗೆ ಹಾಕುವುದು ಪ್ರೊಪಿಲೀನ್ ಗ್ಲೈಕಾಲ್, ಬೇರೆ ಸಾಮಾನು. ನಮ್ಮ ಮಟ್ಟದ ಚಳಿಗೆ ಅದೂ ಬೇಡ, ಪೈಪ್ ಖಾಲಿ ಇದ್ದರೆ ಸಾಕು.

ಈ ವರ್ಷದ ಖರ್ಚು: ಟೀ ಮತ್ತು ನಲ್ಲಿ 235, ಕ್ಲಾಂಪ್ 90, ಪೈಪ್, ಎಲ್ಬೋ, ಕಪ್ಲರ್, ಸಲ್ಯೂಷನ್ 585, ಬಿರಡೆ ಮತ್ತು ಬೋಲ್ಟ್ 520, ಹೋಸ್ ಕ್ಲಿಪ್ 70, ಗ್ರೀಸ್ 150, ಕಂಪ್ರೆಸರ್ ಬಾಡಿಗೆ 500. ಒಟ್ಟು 2,150.

ಡಿಸೆಂಬರ್ 28: ಮೊದಲ ಗಟ್ಟಿ ಹಿಮ

ಬೆಳಿಗ್ಗೆ ಆರೂಕಾಲಿಗೆ ಜಗಲಿಯಲ್ಲಿ 3 ಡಿಗ್ರಿ, ಹುಲ್ಲಿನಲ್ಲಿ ಮೈನಸ್ 1.5. ಹೊರಗಿಟ್ಟ ಬಕೆಟ್ಟಿನ ನೀರಿನ ಮೇಲೆ ಗಾಜಿನ ಹಾಗೆ ತೆಳು ಪದರ. ಬೆರಳಲ್ಲಿ ಒತ್ತಿದರೆ ನಕ್ಷತ್ರದಂತೆ ಸೀಳಿತು. ಓಡಿ ಗೋಡೆಯ ಪೈಪ್ ನೋಡಿದೆ. ಹಿಮ ಹೊರಗೆ ಸಕ್ಕರೆಯಂತೆ ಕೂತಿತ್ತು, ಪೈಪಿಗೆ ಏನೂ ಆಗಿರಲಿಲ್ಲ. ಟೀಯ ನಲ್ಲಿ ತಿರುಗಿಸಿದೆ, ನಾಲ್ಕು ಹನಿ ಬಿತ್ತು, ಅಷ್ಟೇ.

ಒಂದು ನಷ್ಟ ಆಯಿತು. ಚಾವಣಿಗೆ ಹೋಗುವ ಒಂದಿಂಚಿನ ಬಾಲ್ ವಾಲ್ವ್ ಮೈ ಸೀಳಿದೆ. ಪೈಪಿನ ಎರಡೂ ಕಡೆ ಖಾಲಿ ಮಾಡಿದ್ದೆ, ಆದರೆ ವಾಲ್ವ್ ಮುಚ್ಚಿಟ್ಟಿದ್ದೆ. ಮುಚ್ಚಿದ ವಾಲ್ವಿನ ಗುಂಡಿನ ಒಳಗೆ ಒಂದು ಚಮಚ ನೀರು ಸಿಕ್ಕಿಕೊಂಡಿರುತ್ತದೆ. ಅಷ್ಟೇ ಸಾಕಾಯಿತು. ಇಂಥ ವಾಲ್ವನ್ನು ನೀರು ಬಸಿದ ಮೇಲೆ ಅರ್ಧ ತೆರೆದು ಬಿಡಬೇಕು. ಮೇನ್ ಡ್ರೈನಿನದನ್ನು ಗಾಳಿ ಊದುತ್ತಲೇ ಆಡಿಸಿ ಮುಚ್ಚಿದ್ದರಿಂದ ಅದು ಉಳಿಯಿತು.

ಜನವರಿ 11

ಇನ್ನೂ ಮೂರು ರಾತ್ರಿ ಹಿಮ ಬಿತ್ತು. ಇವತ್ತು ಮೇನ್ ಡ್ರೈನ್ ವಾಲ್ವಿನ ಆಚೆ ಕಡೆಯ ಪೈಪನ್ನು ಬೆರಳಲ್ಲಿ ತಟ್ಟಿದೆ. ಖಾಲಿ ಪೈಪ್ ಟೊಳ್ಳು ಸದ್ದು ಕೊಡಬೇಕು. ಕೆಳಗಿನ ಒಂದಡಿಯಲ್ಲಿ ಸದ್ದು ಮಂದ. ವಾಲ್ವಿನ ಕಾಂಡದಲ್ಲಿ ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆ ಏಳುತ್ತದೆ. ಗಾಳಿ ನಿಧಾನ ಸೋರಿ, ನೀರು ಮೇಲೇರುತ್ತಿದೆ. ಮಧ್ಯಾಹ್ನ ಕ್ಲೀನರ್ ತಂದು ಮತ್ತೆ ಊದಿದೆವು, 12 ನಿಮಿಷದ ಕೆಲಸ. ಈಗ ಪೂರ್ತಿ ಟೊಳ್ಳು. ಫೆಬ್ರವರಿ ಕೊನೆವರೆಗೆ ಪ್ರತಿ ಭಾನುವಾರ ತಟ್ಟಿ ನೋಡುವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಪೂಲ್ ತೆರೆಯುವಾಗ ಈ ವಾಲ್ವ್, ಚಾವಣಿಯ ವಾಲ್ವ್ ಎರಡನ್ನೂ ಬದಲಾಯಿಸಬೇಕು.